ಕೈಗೆ ಬರಬೇಕಾದ ವಿದ್ಯೆ

ವಿದ್ಯೆಯಲ್ಲಿ ಎರಡು ಬಗೆಯುಂಟು. ಓದಿ ಅರಿಯುವ ವಿದ್ಯೆ ಒಂದು. ಮಾಡಿ ಅರಿಯುವ ವಿದ್ಯೆ ಇನ್ನೊಂದು. ವ್ಯಾಕರಣವನ್ನೂ ಭೂಗೋಳವನ್ನೂ ಮನೆಯ ಮೂಲೆಯಲ್ಲಿ ಕುಳಿತು, ಪುಸ್ತಕದ ನೆರವಿನಿಂದ ಸ್ವಲ್ಪಮಟ್ಟಿಗಾದರೂ ಕಲಿಯಬಹುದು. ಮಗ್ಗದ ಮೇಲೆ ಸೀರೆ ನೇಯುವುದನ್ನಾಗಲಿ, ಕುಲುಮೆಯಲ್ಲಿ ಕಬ್ಬಿಣವನ್ನು ಹದಗೊಳಿಸುವುದನ್ನಾಗಲಿ ಹಾಗೆ ಕಲಿಯಲಾಗದು. ಸಿಂಧನೂರಿನ ಕಡೆಯ ಮಕ್ಕಳಿಗೆ ಇದನ್ನು ಬಹಳವಾಗಿ ವಿವರಿಸಬೇಕಾಗಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯಲ್ಲಿ ನೀರು ಹರಿಯುವ ತಿಂಗಳುಗಳಲ್ಲಿ, ಹಿರಿಯರ ಕಣ್ಗಾವಲಿನಲ್ಲಿ ಈಜು ಕಲಿತವರು ಅವರಲ್ಲಿ ಅನೇಕರು. ಬೇಸಗೆಯಲ್ಲಿ ಕಾಲುವೆಯ ನೀರು ನಿಂತಿತೆಂದರೆ ಈಜಿನ ಪಾಠವೂ ನಿಲ್ಲುತ್ತದೆ. ದಡದ ಮೇಲೆ ಕುಳಿತು ಕೈಕಾಲು ಆಡಿಸಿ ಈಜು ಕಲಿತವರನ್ನು ನಾನಂತೂ ಕಂಡಿಲ್ಲ.

ಶಸ್ತ್ರವೈದ್ಯವು ಈ ಎರಡನೆಯ ಬಗೆಗೆ ಸೇರಿದ ವಿದ್ಯೆ. ೨೦೨೦ ಮತ್ತು ೨೦೨೧ನೆಯ ಇಸವಿಗಳಲ್ಲಿ ಕೋವಿಡ್ ಎಂಬ ಜಗದ್ವ್ಯಾಪಿ ಪಿಡುಗು ಬಂದಾಗ ಈ ವಿದ್ಯೆಯ ಕಾಲುವೆಗೂ ನೀರು ನಿಂತಿತು. ಆ ಪಿಡುಗಿನಿಂದ ಸತ್ತವರ ಲೆಕ್ಕವನ್ನು ಎಲ್ಲರೂ ಕೇಳಿದ್ದೇವೆ. ಮುಚ್ಚಿದ ಅಂಗಡಿ, ಶಾಲೆ, ಸಂತೆಗಳನ್ನು ಕಣ್ಣಾರೆ ಕಂಡಿದ್ದೇವೆ. ಆದರೆ ಆಸ್ಪತ್ರೆಯ ಒಳಗೆ, ಶಸ್ತ್ರಕ್ರಿಯೆಯ ಕೊಠಡಿಯ ಮುಚ್ಚಿದ ಬಾಗಿಲಿನ ಆಚೆ, ಒಂದು ಶಾಲೆಯೇ ನಿಂತುಹೋಗಿತ್ತೆಂಬುದು ಹೆಚ್ಚಿನವರಿಗೆ ತಿಳಿಯದು. ಆ ಶಾಲೆ ಎಂಥದು, ಅದು ಹೇಗೆ ನಿಂತಿತು, ಅದರ ಫಲ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಂಥ ಊರುಗಳಿಗೆ ಹೇಗೆ ತಟ್ಟುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ವೈದ್ಯನಾಗಬೇಕೆಂಬುವನು ಮೊದಲು ಎಂ.ಬಿ.ಬಿ.ಎಸ್. ಪದವಿಯನ್ನು ಪಡೆಯಬೇಕು. ಆಸ್ಪತ್ರೆಯಲ್ಲಿ ದುಡಿಯುವ ಒಂದು ವರ್ಷವೂ ಸೇರಿ ಅದಕ್ಕೆ ಐದೂವರೆ ವರ್ಷ ಹಿಡಿಯುತ್ತದೆ. ಅಷ್ಟಾದರೂ ಅವನು ಶಸ್ತ್ರವೈದ್ಯನಲ್ಲ. ಅಖಿಲ ಭಾರತ ಮಟ್ಟದ ಪರೀಕ್ಷೆಯೊಂದನ್ನು ಬರೆದು, ಎಂ.ಎಸ್. ಎಂಬ ಸ್ನಾತಕೋತ್ತರ ವ್ಯಾಸಂಗಕ್ಕೆ ಸೇರಿ, ಮತ್ತೆ ಮೂರು ವರ್ಷ ದೊಡ್ಡ ಆಸ್ಪತ್ರೆಯೊಂದರಲ್ಲಿ ಹಿರಿಯರ ಕೈಕೆಳಗೆ ದುಡಿಯಬೇಕು. ಹೀಗೆ ಕಲಿಯುತ್ತಿರುವವರನ್ನು ರೆಸಿಡೆಂಟ್ ವೈದ್ಯರೆಂದು ಕರೆಯುತ್ತಾರೆ. ರೆಸಿಡೆಂಟ್ ಎಂದರೆ ಅಲ್ಲಿಯೇ ವಾಸಿಸುವವನು. ಹಿಂದೆ ಅವರು ನಿಜವಾಗಿಯೂ ಆಸ್ಪತ್ರೆಯಲ್ಲಿಯೇ ವಾಸಿಸುತ್ತಿದ್ದರು. ಇಂದು ವಿದ್ಯಾರ್ಥಿನಿಲಯದಲ್ಲಿ ಕೋಣೆಯಿದ್ದರೂ, ಹಾಸಿಗೆ ಕಾಣುವುದು ಯಾವಾಗಲೋ ಒಮ್ಮೆ. ನಮ್ಮ ಗುರುಕುಲದ ಪದ್ಧತಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಈ ಪದ್ಧತಿಯನ್ನು ಈಗಿನ ರೂಪಕ್ಕೆ ತಂದವನು ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್. ೧೮೮೯ರಲ್ಲಿ ಬಾಲ್ಟಿಮೋರ್ ನಗರದಲ್ಲಿ ತೆರೆದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಅವನು ಶಿಷ್ಯರನ್ನು ಹಂತಹಂತವಾಗಿ ಬೆಳೆಸುವ ಕ್ರಮವನ್ನು ರೂಢಿಗೆ ತಂದನು. ಮೊದಲು ನೋಡುವುದು, ಅನಂತರ ನೆರವಾಗುವುದು, ಆಮೇಲೆ ಗುರುವಿನ ಎದುರಿನಲ್ಲಿ ತಾನೇ ಮಾಡುವುದು, ಕೊನೆಗೆ ಕಿರಿಯನಿಗೆ ಕಲಿಸುವುದು. ಶಸ್ತ್ರಕ್ರಿಯೆಯಲ್ಲಿ ತೆಳುವಾದ ರಬ್ಬರಿನ ಕೈಗವಸು ಬಳಕೆಗೆ ಬಂದುದೂ ಆ ಮನುಷ್ಯನಿಂದಲೇ. ತನ್ನ ಜೊತೆ ಕೆಲಸ ಮಾಡುತ್ತಿದ್ದ ದಾದಿಯೊಬ್ಬಳ ಕೈಗಳು ರೋಗಾಣುನಾಶಕ ದ್ರವದಿಂದ ಸುಲಿದುಹೋಗುತ್ತಿದ್ದುದನ್ನು ಕಂಡು, ರಬ್ಬರಿನ ಕಂಪನಿಯೊಂದಕ್ಕೆ ಹೇಳಿ ಅವನು ಗವಸುಗಳನ್ನು ಮಾಡಿಸಿಕೊಟ್ಟನು. ಮುಂದೆ ಅವಳನ್ನೇ ಮದುವೆಯಾದನು. ಇದು ನಮ್ಮ ವಿಷಯಕ್ಕೆ ಅಷ್ಟಾಗಿ ಸಂಬಂಧಿಸಿದ್ದಲ್ಲ. ಆದರೂ ಪಿಡುಗಿನ ದಿನಗಳಲ್ಲಿ ಎರಡೆರಡು ಜೊತೆ ಗವಸು ತೊಟ್ಟು ಬೆವರುತ್ತಿದ್ದ ತರುಣ ವೈದ್ಯರನ್ನು ನೆನೆದಾಗಲೆಲ್ಲ ಈ ಕಥೆ ನನಗೆ ನೆನಪಾಗುತ್ತದೆ.

ಹಾಲ್‌ಸ್ಟೆಡ್‌ನಿಗಿಂತ ಎಷ್ಟೋ ಶತಮಾನಗಳ ಹಿಂದೆಯೇ ನಮ್ಮ ದೇಶದ ಶಸ್ತ್ರವೈದ್ಯರು ಇದೇ ಪ್ರಶ್ನೆಯನ್ನು ಯೋಚಿಸಿದ್ದರು. ಸುಶ್ರುತ ಸಂಹಿತೆಯಲ್ಲಿ ಶಿಷ್ಯರ ಕೈ ಪಳಗಿಸುವ ವಿಚಾರಕ್ಕೆಂದೇ ಒಂದು ಅಧ್ಯಾಯವುಂಟು. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಗಳ ಮೇಲೆ ಕಲಿಯಬೇಕು. ರಕ್ತನಾಳವನ್ನು ಚುಚ್ಚುವುದನ್ನು ಸತ್ತ ಪ್ರಾಣಿಯ ನಾಳಗಳಲ್ಲಿ, ತಾವರೆಯ ದಂಟುಗಳಲ್ಲಿ ಕಲಿಯಬೇಕು. ಹೊಲಿಯುವುದನ್ನು ಬಟ್ಟೆಯ ಮೇಲೆ, ಮೆತ್ತನೆಯ ತೊಗಲಿನ ಮೇಲೆ, ಪಟ್ಟಿ ಕಟ್ಟುವುದನ್ನು ಗೊಂಬೆಯ ಮೇಲೆ ಕಲಿಯಬೇಕು. ಶಾಸ್ತ್ರವನ್ನೆಲ್ಲ ಓದಿದ್ದರೂ ಕೈ ಪಳಗದವನು ಕೆಲಸಕ್ಕೆ ಬಾರನೆಂಬುದು ಅಲ್ಲಿಯ ಅಭಿಪ್ರಾಯ.

ಎಂ.ಎಸ್. ಸೇರಿದ ಮೊದಲ ವರ್ಷದಲ್ಲಿ ತರುಣನಿಗೆ ಕತ್ತಿ ಸುಲಭವಾಗಿ ಸಿಗುವುದಿಲ್ಲ. ಗಾಯ ತೊಳೆದು ಕಟ್ಟುವುದು, ರಕ್ತ ತೆಗೆಯುವುದು, ರೋಗಿಯ ವಿವರ ಬರೆಯುವುದು, ಶಸ್ತ್ರಕ್ರಿಯೆಯ ಸಮಯದಲ್ಲಿ ಗಾಯದ ಅಂಚನ್ನು ಕೊಕ್ಕೆಯಿಂದ ಎಳೆದು ಹಿಡಿದು ಗಂಟೆಗಟ್ಟಲೆ ನಿಲ್ಲುವುದು, ಇವು ಅವನ ಪಾಲಿನ ಕೆಲಸಗಳು. ಹಾಗೆ ನಿಂತು ನಿಂತೇ ಅವನು ಹೊಟ್ಟೆಯ ಒಳಗನ್ನು ಕಣ್ಣಿಗೆ ರೂಢಿ ಮಾಡಿಕೊಳ್ಳುತ್ತಾನೆ. ಆಮೇಲೆ ಒಂದು ದಿನ ಗುರುವು, 'ಈ ಹೊಲಿಗೆ ನೀನು ಹಾಕು' ಎನ್ನುತ್ತಾನೆ. ಮತ್ತೆ ಕೆಲವು ತಿಂಗಳಿಗೆ ಒಂದು ಹರ್ನಿಯಾ, ಒಂದು ಅಪೆಂಡಿಕ್ಸ್. ಮೂರನೆಯ ವರ್ಷದ ಹೊತ್ತಿಗೆ ಪಿತ್ತಕೋಶ, ಕರುಳು. ಅಕ್ಷರ ಕಲಿಸುವಾಗ ನಾವು ಮಗುವಿನ ಕೈ ಹಿಡಿದು ತಿದ್ದಿಸುತ್ತೇವಲ್ಲ, ಹಾಗೆಯೇ ಇದು. ತಿದ್ದುತ್ತ ತಿದ್ದುತ್ತ ಮೇಷ್ಟರು ಯಾವಾಗ ಕೈ ಬಿಟ್ಟರೆಂಬುದು ಮಗುವಿಗೆ ತಿಳಿದಿರುವುದಿಲ್ಲ. ಇಲ್ಲಿ ಹಲಗೆಯ ಬದಲು ಬದುಕಿರುವ ಮನುಷ್ಯನ ದೇಹವಿರುವುದರಿಂದ ಗುರುವಿನ ಕೈ ಬಹಳ ದಿನ ಮೇಲೆಯೇ ಇರಬೇಕಾಗುತ್ತದೆ.

ಒಂದು ಹರ್ನಿಯಾ ಮಾಡಿದವನಿಗೆ ಹರ್ನಿಯಾ ಬಂದಂತಾಗಲಿಲ್ಲ. ಎರಡು ಹೊಟ್ಟೆಗಳು ಒಂದೇ ತೆರನಾಗಿರುವುದಿಲ್ಲ. ಸಿಂಧನೂರಿನ ಮಾರುಕಟ್ಟೆಯಲ್ಲಿ ಭತ್ತದ ಚೀಲ ಹೊತ್ತು ಹರ್ನಿಯಾ ತಂದುಕೊಂಡ ಹಮಾಲನ ಹೊಟ್ಟೆಯ ಸ್ನಾಯು ಒಂದು ಬಗೆ. ಹತ್ತು ವರ್ಷ ಅದನ್ನು ಲಂಗೋಟಿ ಬಿಗಿದೇ ಅಡಗಿಸಿಕೊಂಡು ಬಂದ ಮುದುಕನದು ಇನ್ನೊಂದು ಬಗೆ. ಇಪ್ಪತ್ತು, ಮೂವತ್ತು, ನಲವತ್ತು ಸಲ ಮಾಡಿದ ಮೇಲೆಯೇ ಬೆರಳಿಗೆ ಒಂದು ಬುದ್ಧಿ ಬರುತ್ತದೆ. ಆ ಬುದ್ಧಿಯನ್ನು ಬಿಟ್ಟುಬಿಟ್ಟು ಬಳಸಿದರೆ ಮಸುಕಾಗುತ್ತದೆ; ಬಿಡದೆ ಬಳಸಿದರೆ ಹರಿತವಾಗುತ್ತದೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಶಸ್ತ್ರಕ್ರಿಯೆಗಳಲ್ಲಿ ತುರ್ತಿನವು ಕೆಲವು, ದಿನ ಗೊತ್ತುಮಾಡಿ ಮಾಡುವಂಥವು ಕೆಲವು. ಎತ್ತು ಹಾಯ್ದು ಹೊಟ್ಟೆ ಹರಿದವನನ್ನು, ರಾಶಿಯ ಯಂತ್ರಕ್ಕೆ ಬೆರಳು ಕೊಟ್ಟವಳನ್ನು, ಅಪೆಂಡಿಕ್ಸ್ ಒಡೆದ ಮಗುವನ್ನು ನಾಳೆ ಬಾ ಎಂದು ಕಳುಹಿಸುವಂತಿಲ್ಲ. ಹರ್ನಿಯಾ, ಪಿತ್ತಕೋಶದ ಕಲ್ಲು, ಗಳಗಂಡ, ಕಣ್ಣಿನ ಪೊರೆ ಮುಂತಾದವುಗಳಿಗೆ ದಿನ ಗೊತ್ತುಮಾಡಬಹುದು. ಕಲಿಕೆಯ ನಿಜವಾದ ಗದ್ದೆ ಈ ಎರಡನೆಯದು. ಅವಸರವಿಲ್ಲದ ಕಡೆ ಮಾತ್ರ ಗುರುವಿಗೆ ನಿಂತು ಕಲಿಸಲು ಬಿಡುವಿರುತ್ತದೆ. ತುರ್ತಿನ ರೋಗಿ ಮೇಜಿನ ಮೇಲಿದ್ದಾಗ ಗುರುವೇ ಕತ್ತಿ ಹಿಡಿಯುವನು. ಶಿಷ್ಯ ಬದಿಗೆ ಸರಿಯುವನು.

ಪಿಡುಗಿನ ಪೆಟ್ಟು ಮೊದಲು ಬಿದ್ದುದು ಆ ಗದ್ದೆಯ ಮೇಲೆಯೇ. ೨೦೨೦ರ ಮಾರ್ಚ್ ೧೦ರಂದು ಕಲಬುರಗಿಯಲ್ಲಿ ೭೬ ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಭಾರತದಲ್ಲಿ ಕೋವಿಡ್‌ನಿಂದಾದ ಮೊದಲನೆಯ ಸಾವು ಅದು. ಮರುದಿನ ವಿಶ್ವ ಆರೋಗ್ಯ ಸಂಸ್ಥೆಯು ಈ ರೋಗವನ್ನು ಜಗದ್ವ್ಯಾಪಿ ಪಿಡುಗೆಂದು ಸಾರಿತು. ಮಾರ್ಚ್ ೨೦ರಂದು ಕೇಂದ್ರ ಆರೋಗ್ಯ ಮಂತ್ರಾಲಯವು, ತುರ್ತಲ್ಲದ ಶಸ್ತ್ರಕ್ರಿಯೆಗಳನ್ನು ಮುಂದಕ್ಕೆ ಹಾಕಬೇಕೆಂದು ಆಸ್ಪತ್ರೆಗಳಿಗೆ ಸೂಚಿಸಿತು. ಮಾರ್ಚ್ ೨೫ರಿಂದ ದೇಶವೆಲ್ಲ ಬಾಗಿಲು ಮುಚ್ಚಿತು. ಬೆಂಗಳೂರಿನಲ್ಲಿ ೧೯೦೦ರಿಂದಲೂ ಬಡವರ ಪಾಲಿಗೆ ತೆರೆದಿದ್ದ, ಶಸ್ತ್ರವೈದ್ಯದ ಎಷ್ಟೋ ಪೀಳಿಗೆಗಳನ್ನು ಬೆಳೆಸಿದ ವಿಕ್ಟೋರಿಯಾ ಆಸ್ಪತ್ರೆಯನ್ನು ಕೋವಿಡ್ ರೋಗಿಗಳಿಗಾಗಿಯೇ ಮೀಸಲಿಡಲಾಯಿತು. ರಾಯಚೂರಿನಲ್ಲಿ ಜನ ಓಪೆಕ್ ಆಸ್ಪತ್ರೆಯೆಂದು ಕರೆಯುವ ದೊಡ್ಡ ಕಟ್ಟಡವೂ ಕೋವಿಡ್ ಚಿಕಿತ್ಸೆಗೆ ತೊಡಗಿತು.

ಕಾರಣಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ಅರಿವಳಿಕೆ ಕೊಡುವ ವೈದ್ಯನಿಲ್ಲದೆ ಶಸ್ತ್ರಕ್ರಿಯೆಯಿಲ್ಲ. ಕೃತಕ ಉಸಿರಾಟದ ಯಂತ್ರವನ್ನು ನಡೆಸಬಲ್ಲವರೂ ಆ ವೈದ್ಯರೇ. ಆದುದರಿಂದ ಅವರು ಕೋವಿಡ್ ವಾರ್ಡುಗಳಿಗೆ ಹೋದರು. ಯಂತ್ರಗಳೂ ಅವರ ಹಿಂದೆಯೇ ಹೋದವು. ದಾದಿಯರು ಹೋದರು. ರಕ್ತದಾನದ ಶಿಬಿರಗಳು ನಿಂತು ರಕ್ತನಿಧಿಗಳು ಬರಿದಾದವು. ಇಷ್ಟರ ಮೇಲೆ ಇನ್ನೊಂದು ಭಯ: ರೋಗಿಯ ಗಂಟಲಿಗೆ ಕೊಳವೆ ಇಳಿಸುವಾಗ ಸೋಂಕು ಗಾಳಿಗೆ ಹರಡುತ್ತದೆ. ಆದುದರಿಂದ ಕೊಠಡಿಯಲ್ಲಿ ಆದಷ್ಟು ಕಡಮೆ ಜನರಿರಬೇಕು, ಕೆಲಸ ಆದಷ್ಟು ಬೇಗ ಮುಗಿಯಬೇಕು, ರಕ್ಷಾಕವಚಗಳನ್ನು ಹಿಡಿದು ಬಳಸಬೇಕು ಎಂಬ ನಿಯಮ ಬಂತು. ಕಡಮೆ ಜನರೆಂದರೆ ಯಾರನ್ನು ಹೊರಗೆ ನಿಲ್ಲಿಸಬೇಕು? ಕಲಿಯುವವನನ್ನು. ಬೇಗ ಮುಗಿಯಬೇಕೆಂದರೆ ಯಾರು ಮಾಡಬೇಕು? ಎಲ್ಲರಿಗಿಂತ ಹಿರಿಯನಾದವನು. ಹೀಗೆ, ನಡೆಯುತ್ತಿದ್ದ ಕೆಲವೇ ಶಸ್ತ್ರಕ್ರಿಯೆಗಳಲ್ಲಿಯೂ ಕಿರಿಯನಿಗೆ ಎಡೆಯಿಲ್ಲದಾಯಿತು. ನಿಯಮ ತಪ್ಪೆಂದು ನಾನು ಹೇಳಲಾರೆ. ಅದನ್ನು ಮಾಡಿದವರು ಪ್ರಾಣಗಳನ್ನು ಎಣಿಸುತ್ತಿದ್ದರು.

ಆ ಭಯಕ್ಕೆ ಆಧಾರವಿತ್ತೆಂಬುದು ಬೇಗನೆ ತಿಳಿಯಿತು. ಅನೇಕ ದೇಶಗಳ ಶಸ್ತ್ರವೈದ್ಯರು ಒಟ್ಟುಗೂಡಿ ನಡೆಸಿದ ಅಧ್ಯಯನವೊಂದು ೨೦೨೦ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಶಸ್ತ್ರಕ್ರಿಯೆಯ ಆಸುಪಾಸಿನಲ್ಲಿ ಕೋವಿಡ್ ತಗುಲಿದ ೧,೧೨೮ ರೋಗಿಗಳನ್ನು ಅವರು ಪರಿಶೀಲಿಸಿದ್ದರು. ಅವರಲ್ಲಿ ನಾಲ್ವರಿಗೆ ಒಬ್ಬರಂತೆ ಸುಮಾರು ಕಾಲುಪಾಲು ಜನ ಮೂವತ್ತು ದಿನಗಳೊಳಗೆ ತೀರಿಕೊಂಡಿದ್ದರು. ಅದೇ ಗುಂಪಿನವರ ಇನ್ನೊಂದು ಅಂದಾಜಿನಂತೆ, ಪಿಡುಗು ಉಲ್ಬಣಿಸಿದ ಹನ್ನೆರಡು ವಾರಗಳಲ್ಲಿ ಜಗತ್ತಿನಲ್ಲಿ ಸುಮಾರು ೨ ಕೋಟಿ ೮೪ ಲಕ್ಷ ಶಸ್ತ್ರಕ್ರಿಯೆಗಳು ನಿಲ್ಲಬೇಕು, ಇಲ್ಲವೆ ಮುಂದಕ್ಕೆ ಹೋಗಬೇಕು. ಆ ಎರಡೂ ಮುಕ್ಕಾಲು ಕೋಟಿಗೆ ಮೀರಿದ ಮೇಜುಗಳ ಪಕ್ಕದಲ್ಲಿ ಕಲಿಯುವವನೊಬ್ಬನು ನಿಲ್ಲಬೇಕಾಗಿತ್ತೆಂಬುದನ್ನು ಆ ಲೆಕ್ಕ ಹೇಳುವುದಿಲ್ಲ.

ರಾಯಚೂರು ಜಿಲ್ಲೆಯ ಸಂಗತಿ ಇನ್ನೂ ವಿಚಿತ್ರ. ೨೦೨೦ರ ಮೇ ತಿಂಗಳ ನಡುವಿನವರೆಗೆ ಇಲ್ಲಿ ಸೋಂಕು ಕಾಣಿಸಿಕೊಂಡಿರಲಿಲ್ಲ. ರೋಗ ಬರುವ ಮೊದಲೇ ರೋಗದ ಪರಿಣಾಮ ಬಂದಿತ್ತು. ಮಾರ್ಚ್ ಕೊನೆಯಿಂದ ವಾರಗಟ್ಟಲೆ ಸರಕಾರಿ ಬಸ್ಸುಗಳು ಓಡಲಿಲ್ಲ. ಸಿಂಧನೂರಿನಿಂದ ರಾಯಚೂರಿಗೆ ಸುಮಾರು ತೊಂಬತ್ತು ಕಿಲೋಮೀಟರು. ಲಿಂಗಸುಗೂರಿನಿಂದಲೂ ಹೆಚ್ಚುಕಡಮೆ ಅಷ್ಟೇ. ನಡುವಿನ ಮಸ್ಕಿಯವರಿಗೆ ಯಾವ ಕಡೆಯಿಂದ ಹೋದರೂ ದೂರವೇ. ಬಸ್ಸಿಲ್ಲದಾಗ ಹೊಟ್ಟೆನೋವಿನವನು ಮನೆಯಲ್ಲಿಯೇ ಬಿದ್ದಿರುವನು. ಆಸ್ಪತ್ರೆಗೆ ಹೋದರೆ ಕೊರೊನಾ ಎಂದು ಹಿಡಿದಿಟ್ಟುಕೊಳ್ಳುವರೆಂಬ ಭಯವೂ ಜನರಲ್ಲಿತ್ತು. ಮೊದಲ ದಿನ ಬಂದಿದ್ದರೆ ಅರ್ಧ ಗಂಟೆಯ ಶಸ್ತ್ರಕ್ರಿಯೆಯಲ್ಲಿ ಮುಗಿಯುತ್ತಿದ್ದ ಅಪೆಂಡಿಕ್ಸ್, ನಾಲ್ಕನೆಯ ದಿನಕ್ಕೆ ಒಡೆದು, ಹೊಟ್ಟೆಯ ತುಂಬ ಕೀವಾಗಿ ಬರುತ್ತಿತ್ತು. ಅಂಥದರ ಮೇಲೆ ಯಾವ ಗುರುವೂ ಶಿಷ್ಯನ ಕೈ ತಿದ್ದಿಸನು. ಮಧುಮೇಹದವರ ಕಾಲಿನ ಹುಣ್ಣೂ ಹೀಗೆಯೇ. ಬೆರಳಿನಲ್ಲಿ ಮುಗಿಯಬೇಕಾದುದು ಮೊಣಕಾಲಿನವರೆಗೆ ಏರಿ ಬರುತ್ತಿತ್ತು.

ಚಿಕಿತ್ಸೆಯ ರೀತಿಯೂ ಬದಲಾಯಿತು. ಹೊಟ್ಟೆಯಲ್ಲಿ ಸಣ್ಣ ರಂಧ್ರಗಳನ್ನು ಮಾಡಿ, ಅನಿಲ ತುಂಬಿ ಉಬ್ಬಿಸಿ, ದುರ್ಬೀನಿನ ಮೂಲಕ ನೋಡುತ್ತ ಮಾಡುವ ಲ್ಯಾಪರೋಸ್ಕೋಪಿ ಎಂಬ ಕ್ರಮವುಂಟು. ಆ ಅನಿಲದೊಂದಿಗೆ ವೈರಾಣು ಹೊರಬರಬಹುದೆಂಬ ಸಂಶಯದಿಂದ ಮೊದಲ ತಿಂಗಳುಗಳಲ್ಲಿ ಅನೇಕ ದೇಶಗಳ ಶಸ್ತ್ರವೈದ್ಯ ಸಂಘಗಳು ಎಚ್ಚರಿಕೆ ನೀಡಿದವು. ಸಂಶಯ ಮುಂದೆ ತಗ್ಗಿತು. ಆದರೆ ಅಷ್ಟರಲ್ಲಿ ಆ ಕೌಶಲವನ್ನು ಕಲಿಯಬೇಕಾಗಿದ್ದವರ ವರ್ಷ ಕಳೆದಿತ್ತು. ಅಪೆಂಡಿಕ್ಸ್ ಬೇನೆಗೆ ಕತ್ತಿಯ ಬದಲು ಔಷಧಿಯನ್ನೇ ಕೊಟ್ಟು ನೋಡುವ ಪದ್ಧತಿಯೂ ಹೆಚ್ಚಿತು. ೨೦೨೦ರ ಅಕ್ಟೋಬರಿನಲ್ಲಿ ಅಮೆರಿಕದಿಂದ ಪ್ರಕಟವಾದ ೧,೫೫೨ ರೋಗಿಗಳ ಅಧ್ಯಯನದಲ್ಲಿ, ಔಷಧಿ ಪಡೆದವರ ಪೈಕಿ ಹತ್ತರಲ್ಲಿ ಏಳು ಮಂದಿಗೆ ತೊಂಬತ್ತು ದಿನಗಳವರೆಗೆ ಶಸ್ತ್ರಕ್ರಿಯೆ ಬೇಕಾಗಲಿಲ್ಲವೆಂದು ಕಂಡುಬಂತು. ರೋಗಿಗೆ ಇದು ಒಳ್ಳೆಯ ಸುದ್ದಿ. ಕಲಿಯುವವನಿಗೆ ಮಾತ್ರ, ಮೊದಲ ಪಾಠದ ಪುಟವೇ ಹರಿದಂತೆ.

ಎಲ್ಲ ಶಾಖೆಯವರಿಗೂ ಪೆಟ್ಟು ಒಂದೇ ಸಮನಾಗಿ ಬೀಳಲಿಲ್ಲ. ಹೆರಿಗೆ ಕಾಯುವುದಿಲ್ಲವಾದುದರಿಂದ ಪ್ರಸೂತಿ ವಿಭಾಗದವರ ಕೈಗೆ ಕೆಲಸ ತಪ್ಪಲಿಲ್ಲ. ಹೆಚ್ಚು ನಷ್ಟವಾದುದು ಕಣ್ಣಿನ ವೈದ್ಯರಿಗೆ. ಅವರ ವಿದ್ಯೆ ಬಹುಮಟ್ಟಿಗೆ ಪೊರೆಯ ಶಿಬಿರಗಳನ್ನೇ ನಂಬಿರುವಂಥದು, ಶಿಬಿರಗಳು ನಿಂತವು. ೨೦೨೦ರಲ್ಲಿ ಭಾರತದ ೭೧೬ ಮಂದಿ ತರಬೇತಿಯಲ್ಲಿದ್ದ ನೇತ್ರವೈದ್ಯರನ್ನು ಕೇಳಿದಾಗ, ನೂರಕ್ಕೆ ಎಂಬತ್ತು ಮಂದಿ ತಮ್ಮ ಶಸ್ತ್ರಕ್ರಿಯೆಯ ಕಲಿಕೆ ಕುಂಠಿತವಾಯಿತೆಂದರು. ಕಿವಿ, ಮೂಗು, ಗಂಟಲಿನ ಶಾಖೆಯಲ್ಲಿ ಮಾತ್ರ ಎರಡನೆಯ ವರ್ಷ ಬೇರೊಂದು ಬಗೆಯಾಯಿತು. ೨೦೨೧ರ ಮೇ ತಿಂಗಳಲ್ಲಿ, ಕೋವಿಡ್‌ನಿಂದ ಚೇತರಿಸಿಕೊಳ್ಳುತ್ತಿದ್ದ ಮಧುಮೇಹಿಗಳಲ್ಲಿ ಕಪ್ಪು ಶಿಲೀಂಧ್ರದ ರೋಗ ಹಬ್ಬಿತು. ಮೂಗಿನ ಒಳಗಿನಿಂದ ಕಣ್ಣಿಗೂ ಮಿದುಳಿಗೂ ಏರುವ ಆ ಶಿಲೀಂಧ್ರವನ್ನು ಕೆರೆದು ತೆಗೆಯುವುದೊಂದೇ ದಾರಿ. ಜೊತೆಗೆ ಕೊಡಬೇಕಾದ ಔಷಧಿಗೆ ದೇಶದಲ್ಲೆಲ್ಲ ಅಭಾವ. ಹಿಂದೆ ಅಪರೂಪಕ್ಕೊಮ್ಮೆ ನೋಡುತ್ತಿದ್ದ ಆ ಶಸ್ತ್ರಕ್ರಿಯೆಯನ್ನು ತರುಣರು ದಿನವೂ ಮಾಡಿದರು. ಕಲಿಕೆಯೇನೋ ದೊರೆಯಿತು, ಅದಕ್ಕಾಗಿ ಎಷ್ಟು ಮಂದಿ ಕಣ್ಣು ಕಳೆದುಕೊಂಡರೆಂಬುದನ್ನು ನೆನೆದರೆ ಆ ಕಲಿಕೆಯನ್ನು ಲಾಭವೆಂದು ಕರೆಯಲು ಮನಸ್ಸು ಬಾರದು.

ಹಾಗಾದರೆ ಕತ್ತಿ ಹಿಡಿಯದ ತಿಂಗಳುಗಳಲ್ಲಿ ಶಸ್ತ್ರವೈದ್ಯದ ವಿದ್ಯಾರ್ಥಿಗಳು ಏನು ಮಾಡುತ್ತಿದ್ದರು? ಕೋವಿಡ್ ವಾರ್ಡಿನಲ್ಲಿ ದುಡಿಯುತ್ತಿದ್ದರು. ನನ್ನಲ್ಲಿ ಕನ್ನಡ ಕಲಿತು ಮುಂದೆ ಶಸ್ತ್ರವೈದ್ಯನಾದ ಹುಡುಗನೊಬ್ಬನು ಆಗ ಎಂ.ಎಸ್. ಎರಡನೆಯ ವರ್ಷದಲ್ಲಿದ್ದನು. ಅವನ ಹೆಸರಾಗಲಿ ಕಾಲೇಜಿನ ಹೆಸರಾಗಲಿ ಇಲ್ಲಿ ಬೇಡ. ರಕ್ಷಾಕವಚದೊಳಗೆ ಆರು ಗಂಟೆ ನೀರು ಕುಡಿಯದೆ ಇರಬೇಕಾಗುತ್ತಿತ್ತೆಂದೂ, ಕನ್ನಡಕಕ್ಕೆ ಮಂಜು ಕವಿದು ರೋಗಿಯ ಮುಖವೂ ಕಾಣದೆ ಹೋಗುತ್ತಿತ್ತೆಂದೂ ಅವನು ಹೇಳಿದನು. 'ಸರ್, ಆಮ್ಲಜನಕದ ಅಳತೆ ನೋಡೋದು, ಮನೆಯವರಿಗೆ ಫೋನು ಮಾಡಿ ಸಾವಿನ ಸುದ್ದಿ ಹೇಳೋದು, ಇವೆರಡನ್ನ ಚೆನ್ನಾಗಿ ಕಲಿತೆ' ಎಂದನು. ಬಿಡುವಿನಲ್ಲಿ ಮಂಚದ ಕಾಲಿಗೆ ದಾರ ಕಟ್ಟಿ ಗಂಟು ಹಾಕುತ್ತ ಕೂರುತ್ತಿದ್ದನಂತೆ, ಬೆರಳು ಮರೆಯದಿರಲೆಂದು.

ಅವನು ಕಲಿತುದು ಸಣ್ಣದಲ್ಲ. ಸೋಂಕನ್ನು ತಡೆಯುವ ಶಿಸ್ತು, ಉಸಿರಾಟದ ಯಂತ್ರದ ಅರಿವು, ದುಃಖದಲ್ಲಿರುವವರೊಡನೆ ಮಾತಾಡುವ ರೀತಿ, ಇವು ಶಸ್ತ್ರವೈದ್ಯನಿಗೂ ಬೇಕಾದುವೇ. ಆದರೆ ಇದನ್ನು ನೆವ ಮಾಡಿಕೊಂಡು, ಮೂರು ವರ್ಷದ ತರಬೇತಿ ಪೂರ್ಣವಾಯಿತೆಂದು ಲೆಕ್ಕ ಬರೆದುಕೊಳ್ಳುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಕಮ್ಮಾರನ ಶಿಷ್ಯನನ್ನು ಒಂದು ವರ್ಷ ಬಾವಿ ತೋಡಲು ಕಳುಹಿಸಿದರೆ ಅವನ ತೋಳು ಗಟ್ಟಿಯಾದೀತು. ಕುಲುಮೆಯ ಹದ ತಿಳಿದೀತೆ?

ಪರೀಕ್ಷೆಗಳ ಕಥೆ ಬೇರೆ. ೨೦೨೧ರ ಏಪ್ರಿಲ್ ೧೭ರಂದು ಮಸ್ಕಿ ವಿಧಾನಸಭಾ ಕ್ಷೇತ್ರದ ಉಪಚುನಾವಣೆಗೆ ಮತದಾನ ನಡೆಯಿತು. ಪಿಡುಗಿನ ಎರಡನೆಯ ಅಲೆ ಏರುತ್ತಿದ್ದ ಹೊತ್ತು ಅದು. ಸ್ನಾತಕೋತ್ತರ ವ್ಯಾಸಂಗಕ್ಕೆ ಹೊಸಬರನ್ನು ಆರಿಸುವ ಅಖಿಲ ಭಾರತ ಪರೀಕ್ಷೆಯು ಅದರ ಮರುದಿನವೇ, ಏಪ್ರಿಲ್ ೧೮ಕ್ಕೆ, ಗೊತ್ತಾಗಿತ್ತು. ಮೂರು ದಿನ ಮುಂಚೆ ಅದನ್ನು ಮುಂದಕ್ಕೆ ಹಾಕಿದರು. ಮೇ ೩ರಂದು ಕೇಂದ್ರ ಸರಕಾರವು, ಇನ್ನು ನಾಲ್ಕು ತಿಂಗಳಾದರೂ ಪರೀಕ್ಷೆಯಿಲ್ಲವೆಂದೂ, ಹೊಸಬರು ಬರುವವರೆಗೆ ಕೊನೆಯ ವರ್ಷದವರನ್ನೇ ಕೆಲಸದಲ್ಲಿ ಮುಂದುವರಿಸಬಹುದೆಂದೂ ಪ್ರಕಟಿಸಿತು. ಪರೀಕ್ಷೆ ನಡೆದುದು ಸೆಪ್ಟೆಂಬರ್ ೧೧ಕ್ಕೆ. ಮೀಸಲಾತಿಯ ಪ್ರಶ್ನೆ ನ್ಯಾಯಾಲಯದಲ್ಲಿದ್ದುದರಿಂದ ಸೀಟು ಹಂಚಿಕೆ ತಡೆಯಿತು. ಆ ವರ್ಷದ ಕೊನೆಯಲ್ಲಿ ದೇಶದ ಅನೇಕ ನಗರಗಳಲ್ಲಿ ರೆಸಿಡೆಂಟ್ ವೈದ್ಯರು ಬೀದಿಗಿಳಿದರು. ೨೦೨೨ರ ಜನವರಿ ೭ರಂದು ಸರ್ವೋಚ್ಚ ನ್ಯಾಯಾಲಯವು ಅನುಮತಿಯಿತ್ತ ಮೇಲೆ ಹಂಚಿಕೆ ಆರಂಭವಾಯಿತು.

ಇದರ ಪರಿಣಾಮವನ್ನು ಒಂದು ಶಾಲೆಯ ಲೆಕ್ಕದಲ್ಲಿ ನೋಡಿರಿ. ಮೂರು ತರಗತಿಗಳಿರುವ ಶಾಲೆಗೆ ಒಂದು ವರ್ಷ ಹೊಸ ಮಕ್ಕಳು ಬಾರದಿದ್ದರೆ ಮೊದಲ ತರಗತಿ ಖಾಲಿ. ಶಾಲೆಯಲ್ಲಾದರೆ ಅದರಿಂದ ಉಳಿದವರಿಗೆ ತೊಂದರೆಯಿಲ್ಲ. ಆಸ್ಪತ್ರೆಯಲ್ಲಿ ಹಾಗಲ್ಲ. ಮೊದಲ ವರ್ಷದವರ ಪಾಲಿನ ಬರೆಹ, ಗಾಯ ಕಟ್ಟುವಿಕೆ, ರಾತ್ರಿಯ ಪಾಳಿಗಳೆಲ್ಲ ಎರಡನೆಯ, ಮೂರನೆಯ ವರ್ಷದವರ ಹೆಗಲಿಗೇರಿದವು. ಆಗ ಶಸ್ತ್ರಕ್ರಿಯೆಗಳು ಮತ್ತೆ ಮೊದಲಾಗಿದ್ದವು. ತಡೆದು ನಿಂತಿದ್ದ ಹರ್ನಿಯಾ, ಪಿತ್ತಕೋಶಗಳ ಸಾಲೇ ಬಾಗಿಲಲ್ಲಿತ್ತು. ಕೈ ಪಳಗಿಸಿಕೊಳ್ಳಲು ಅದು ಸಕಾಲ. ಆದರೆ ಶಸ್ತ್ರಕ್ರಿಯೆಯ ಕೊಠಡಿಯಲ್ಲಿರಬೇಕಾದವನು ವಾರ್ಡಿನಲ್ಲಿ ಕಾಗದ ತುಂಬುತ್ತಿದ್ದನು.

ಕಳೆದುದನ್ನು ತುಂಬಿಕೊಳ್ಳುವ ಯತ್ನಗಳೂ ನಡೆದವು. ರಟ್ಟಿನ ಪೆಟ್ಟಿಗೆಗೆ ಎರಡು ತೂತು ಕೊರೆದು, ಮೊಬೈಲ್ ಫೋನನ್ನೇ ದುರ್ಬೀನು ಮಾಡಿಕೊಂಡು ಲ್ಯಾಪರೋಸ್ಕೋಪಿಯ ಅಭ್ಯಾಸ ಮಾಡಿದವರುಂಟು. ಬಾಳೆಹಣ್ಣಿನ ಸಿಪ್ಪೆಯನ್ನು, ಕೋಳಿಯ ಕಾಲನ್ನು ಹೊಲಿದು ಕಲಿತವರುಂಟು. ಸುಶ್ರುತನ ಕುಂಬಳಕಾಯಿ ಹೀಗೆ ಮತ್ತೆ ಬಳಕೆಗೆ ಬಂತು! ಇವು ಪ್ರಯೋಜನಕ್ಕೆ ಬಾರದೆ ಇಲ್ಲ. ಕೈಗೂ ಕಣ್ಣಿಗೂ ಹೊಂದಿಕೆ ತರಲು ಒಳ್ಳೆಯ ಸಾಧನಗಳು. ಆದರೆ ಕುಂಬಳಕಾಯಿಗೆ ರಕ್ತ ಚಿಮ್ಮುವುದಿಲ್ಲ. ಎಲ್ಲಿ ಕೊಯ್ಯಬೇಕೆಂಬುದನ್ನು ಅದು ಕಲಿಸೀತು. ಎಲ್ಲಿ ನಿಲ್ಲಿಸಬೇಕು, ಯಾವಾಗ ಕೊಯ್ಯಲೇಬಾರದು ಎಂಬುದನ್ನು ಕಲಿಸದು. ಗಣಕಯಂತ್ರದ ಪರದೆಯ ಮೇಲೆ ಉಪನ್ಯಾಸಗಳು ಬೇಕಾದಷ್ಟು ನಡೆದವು. ಆ ಬಗೆಯ ಪಾಠ ಎಷ್ಟು ತಲೆಗೆ ಹತ್ತುತ್ತದೆಂಬುದನ್ನು ನಿಮಗಿಂತ ಚೆನ್ನಾಗಿ ಬಲ್ಲವರಾರು?

ಬೇರೆ ದೇಶಗಳವರು ಈ ಕೊರತೆಯನ್ನು ಹೇಗೆ ಎಣಿಕೆಗೆ ತೆಗೆದುಕೊಂಡರೆಂಬುದು ತಿಳಿಯತಕ್ಕ ಸಂಗತಿ. ಅಮೆರಿಕದಲ್ಲಿ ಸಾಮಾನ್ಯ ಶಸ್ತ್ರವೈದ್ಯನಾಗಬೇಕಾದರೆ ೮೫೦ ಶಸ್ತ್ರಕ್ರಿಯೆಗಳ ಅನುಭವವಿರಬೇಕು. ೨೦೨೦ರಲ್ಲಿ ಮುಗಿಸುವವರಿಗೆ ನೂರಕ್ಕೆ ಹತ್ತು ಕಡಮೆಯಾದರೂ ಒಪ್ಪಿಕೊಳ್ಳುವುದಾಗಿ ಅಲ್ಲಿಯ ಮಂಡಲಿ ಹೇಳಿತು. ಇಂಗ್ಲೆಂಡಿನಲ್ಲಿ ವರ್ಷಾಂತ್ಯದ ಮೌಲ್ಯಮಾಪನಕ್ಕೆ ಹೊಸದೊಂದು ಶ್ರೇಣಿಯನ್ನೇ ಸೇರಿಸಿ, 'ಕೊರತೆಯುಂಟು, ತಪ್ಪು ಇವನದಲ್ಲ' ಎಂಬರ್ಥದಲ್ಲಿ ಬರೆದಿಟ್ಟರು. ನಮ್ಮಲ್ಲಿ ಅವಧಿ, ಪ್ರಬಂಧ, ಪರೀಕ್ಷೆ ಇವುಗಳಿಗೆ ಇರುವ ಮಹತ್ವ ಎಣಿಕೆಗಿಲ್ಲ. ಕೊರತೆಯನ್ನು ಬರೆದಿಟ್ಟರೆ ಅದನ್ನು ತುಂಬುವ ದಾರಿ ಹುಡುಕಬಹುದು. ಆ ದೃಷ್ಟಿಯಿಂದ ಇಂಗ್ಲೆಂಡಿನವರ ಕ್ರಮ ನನಗೆ ಮೆಚ್ಚಿಗೆ.

ಇಷ್ಟೆಲ್ಲ ದೊಡ್ಡ ಊರುಗಳ ದೊಡ್ಡ ಆಸ್ಪತ್ರೆಗಳ ಮಾತಾಯಿತು, ನಮಗೇನು ಎಂದು ನೀವು ಕೇಳಬಹುದು. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರುಳ್ಳ ಶಾಸನ ೧೯೧೫ರಲ್ಲಿ ಬೆಳಕಿಗೆ ಬಂದುದನ್ನು ಚರಿತ್ರೆಯಲ್ಲಿ ಓದಿದ್ದೀರಿ. ಆ ಅರಸನೇ ಬೇರೆ ಕಡೆಯ ಶಾಸನವೊಂದರಲ್ಲಿ, ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದೆನೆಂದು ಹೇಳಿಕೊಂಡಿದ್ದಾನೆ. ಏರ್ಪಾಡೆಂದರೆ ಕಟ್ಟಡವಷ್ಟೇ ಅಲ್ಲ, ಅದರೊಳಗೆ ಕೈ ಪಳಗಿದ ಮನುಷ್ಯನೂ ಇರಬೇಕು. ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಆ ಮನುಷ್ಯ ಬರುವುದು ಎಲ್ಲಿಂದ? ರಾಯಚೂರು, ಬಳ್ಳಾರಿ, ಕಲಬುರಗಿ, ಹುಬ್ಬಳ್ಳಿಗಳಲ್ಲಿ ಕಲಿತವರಿಂದಲೇ. ವೈದ್ಯ ಪದವಿ ಮುಗಿಸಿದವರು ಒಂದು ವರ್ಷ ಸರಕಾರಿ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಬೇಕೆಂದು ಕರ್ನಾಟಕವು ೨೦೧೨ರಲ್ಲಿ ಕಾಯಿದೆಯನ್ನೇ ಮಾಡಿತು. ಮುಂದೆ ತಿದ್ದುಪಡಿಗಳಿಂದ ಅದು ಸಡಿಲಗೊಂಡಿತಾದರೂ, ಪಿಡುಗಿನ ವರ್ಷಗಳಲ್ಲಿ ಎಂ.ಎಸ್. ಮುಗಿಸಿದ ಅನೇಕರ ಮೊದಲ ಕೆಲಸ ಇಂಥ ಆಸ್ಪತ್ರೆಗಳಲ್ಲಿಯೇ ಆರಂಭವಾಯಿತು.

ದೊಡ್ಡ ಆಸ್ಪತ್ರೆಯಲ್ಲಿ ಕೈ ತಡವರಿಸಿದರೆ ಪಕ್ಕದ ಕೊಠಡಿಯಿಂದ ಗುರುವನ್ನು ಕರೆಯಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರ ಸಂಖ್ಯೆ ಒಂದೋ ಎರಡೋ. ರಾತ್ರಿ ಹನ್ನೊಂದಕ್ಕೆ ಲಿಂಗಸುಗೂರಿನ ರಸ್ತೆಯಲ್ಲಿ ಲಾರಿ ಬಡಿದು, ಒಳಗೆ ರಕ್ತ ಸುರಿಯುತ್ತಿರುವ ಹೊಟ್ಟೆಯೊಂದು ಬಂದರೆ, ತಾನೇ ತೆರೆಯುವುದೋ, ತೊಂಬತ್ತು ಕಿಲೋಮೀಟರು ಆಚೆಗೆ ಕಳುಹಿಸುವುದೋ ಎಂಬುದನ್ನು ಅವನೊಬ್ಬನೇ ಆ ಗಳಿಗೆಯಲ್ಲಿ ನಿರ್ಧರಿಸಬೇಕು. ನೂರು ಹೊಟ್ಟೆಗಳನ್ನು ಕಂಡವನು ತೆರೆಯುವನು. ಮೂವತ್ತನ್ನು ಮಾತ್ರ ಕಂಡವನು ಕಳುಹಿಸುವನು. ಅದು ಅವನ ಅಂಜುಬುರುಕತನವಲ್ಲ, ಪ್ರಾಮಾಣಿಕತೆ. ಆದರೆ ದಾರಿಯಲ್ಲಿ ರೋಗಿಗೆ ಏನಾಗುವುದೆಂಬುದು ಆ ಪ್ರಾಮಾಣಿಕತೆಯ ಕೈಯಲ್ಲಿಲ್ಲ.

೨೦೨೦ರ ಸೆಪ್ಟೆಂಬರಿನಲ್ಲಿ, ಪಿಡುಗಿನ ನಡುವೆಯೇ, ಒಂದು ಹೊಸ ನಿಯಮ ಪ್ರಕಟವಾಯಿತು. ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳೆಲ್ಲರೂ ತಮ್ಮ ಮೂರು ವರ್ಷಗಳಲ್ಲಿ ಮೂರು ತಿಂಗಳನ್ನು ಜಿಲ್ಲಾಮಟ್ಟದ ಆಸ್ಪತ್ರೆಯೊಂದರಲ್ಲಿ ಕಳೆಯಬೇಕೆಂದು ಅದು ವಿಧಿಸುತ್ತದೆ. ಹಳ್ಳಿಯ ರೋಗಿಗಳನ್ನು ಅವರು ನೋಡಲಿ, ಅಲ್ಲಿಯ ಹಿರಿಯ ವೈದ್ಯರಿಂದ ಕಲಿಯಲಿ ಎಂಬುದು ಉದ್ದೇಶ. ಹರ್ನಿಯಾ, ಕೀವುಗಟ್ಟಿದ ಗಾಯ, ಅಪೆಂಡಿಕ್ಸ್‌ಗಳಂಥ ಮೊದಲ ಪಾಠಗಳಿಗೆ ನಮ್ಮ ಊರುಗಳಲ್ಲಿ ಎಂದೂ ಕೊರತೆಯಿಲ್ಲ. ದೊಡ್ಡ ಕಾಲೇಜುಗಳ ಇಕ್ಕಟ್ಟಿನಲ್ಲಿ ಇಪ್ಪತ್ತು ಮಂದಿಯ ನಡುವೆ ನಿಂತು ಇಣುಕುವ ವಿದ್ಯಾರ್ಥಿಗೆ ಇಲ್ಲಿ ಹಿರಿಯನೊಬ್ಬನ ಎದುರು ಬದಿಯಲ್ಲಿಯೇ ನಿಲ್ಲುವ ಎಡೆ ಸಿಗುತ್ತದೆ. ತಡವಾಗಿ ೨೦೨೨ರಲ್ಲಿ ಸೇರಿದವರಿಗೆ ಮೂರು ವರ್ಷ ತುಂಬಿದ್ದು ೨೦೨೫ರ ಆದಿಯಲ್ಲಿ. ಅವರಿಗೆ ಮೊದಲ ಗಂಟನ್ನು ಕಲಿಸಿದ ಹಿರಿಯ ವಿದ್ಯಾರ್ಥಿಗಳು, ಮಂಚದ ಕಾಲಿಗೆ ದಾರ ಕಟ್ಟಿ ಕೂತಿದ್ದವರ ತಲೆಮಾರಿನವರೇ.